ಎಡಕ್ಕೆ ಮಲಗಿದ ನೆರಿಗೆ

ಮಗಳ ಮನೆಯಿಂದ ಮರಳಿದ ಪೊಲೀಸಮ್ಮ ಚೀಲ ಇಳಿಸುವ ಮೊದಲೇ ಫ್ರೀಜರ್ ತೆಗೆದು ನೋಡಿದಳು. ಓಣಿಯವರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಂಡನೊಬ್ಬನೇ ಇದ್ದ ಮನೆಯಲ್ಲಿ ಏನು ಖಾಲಿಯಾಗಿದೆ, ಏನು ಹೊಸದಾಗಿ ಬಂದಿದೆ ಎಂದು ತಿಳಿಯದೆ ಅವಳಿಗೆ ಗಂಟಲಲ್ಲಿ ನೀರೂ ಇಳಿಯದು.

ಒಳಗೆ ಒಂದು ತಟ್ಟೆ ತುಂಬ ಹಂದಿಮಾಂಸದ ಕಡುಬು! ಮೈದಾ ಹಾಳೆಯಲ್ಲಿ ಕೈಮಾ ತುಂಬಿ, ಅಂಚಿಗೆ ನೆರಿಗೆ ಹಿಡಿದು ಮುಚ್ಚಿ, ತಳ ಕೆಂಪಗಾಗುವಂತೆ ಬಾಣಲೆಯಲ್ಲಿ ಹುರಿಯುವ ಈ ಕಡುಬು ಆ ಮನೆಯಲ್ಲಿ ಅವಳ ಕೈಗೆ ಮಾತ್ರ ಒಲಿದದ್ದು. ಆದರೆ ಇವುಗಳ ನೆರಿಗೆಗಳು ಎಡಕ್ಕೆ ಮಲಗಿದ್ದವು. ಅವಳವು ಬಲಕ್ಕೆ ಮಲಗುತ್ತವೆ. ಇದು ಯಾರೋ ಎಡಗೈಯವರ ಕೆಲಸ.

"ಯಾರು ಬಂದಿದ್ರು?"

"ಯಾರೂ ಇಲ್ವಲ್ಲ. ನಾನೇ ಮಾಡಿಟ್ಟೆ," ಎಂದ ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ಸೀಯಿಸುವ ಮಹಾನುಭಾವ! ಅವನದು ಕ್ಷೌರದ ಅಂಗಡಿ, ಕತ್ತರಿ ಹಿಡಿಯುವುದು ಬಲಗೈಯಲ್ಲಿ. ಆ ಅಂಗಡಿಗೆ ಈಚೆಗೆ ಸೇರಿದ ಸಹಾಯಕಿ ಮಾತ್ರ ಎಡಚಿ. ಪೊಲೀಸಮ್ಮ ಮಲಗುವ ಕೋಣೆಗೆ ನುಗ್ಗಿದಳು. ತಲೆದಿಂಬು ಮೂಸಿದಳು. ಗಂಡನ ಎಣ್ಣೆಯ ವಾಸನೆ ಬಿಟ್ಟರೆ ಬೇರೇನಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಗುರುತು ಬಿಟ್ಟು ಹೋಗುವಷ್ಟು ದಡ್ಡಿಯೇ ಆ ಎಡಚಿ? ಇಷ್ಟು ವರ್ಷದ ಸಂಸಾರ ನೀರುಪಾಲಾಯಿತು ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ನೇರ ಅಂಗಡಿಗೇ ಹೋದಳು. ಇಬ್ಬರು ಗಿರಾಕಿಗಳು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು.

"ನಮ್ಮನೆ ಅಡುಗೆಮನೆ ಹಿಡಿಸ್ತೇನಮ್ಮಾ?"

"ಯಾವ ಅಡುಗೆಮನೆ, ಅಕ್ಕಾ?" ಎಂದಳು ಎಡಚಿ.

"ಅಕ್ಕ ಅಂತೆ! ನಾನಿಲ್ಲದ ಹೊತ್ತು ನೋಡಿ ನುಗ್ಗೋಳಿಗೆ ನಾನು ಅಕ್ಕನಾ?"

ಆಮೇಲೆ ಅವಳು ನಾಲಿಗೆ ಹರಿಬಿಟ್ಟದ್ದನ್ನು ಇಲ್ಲಿ ಬರೆಯುವುದು ಬೇಡ. ನೊರೆಯ ಗಿರಾಕಿಗಳು ಕನ್ನಡಿಯಲ್ಲೇ ಕಣ್ಣರಳಿಸಿ ನೋಡಿದರು. ಎಡಚಿ ಕತ್ತರಿ ಇಟ್ಟು, ಏಪ್ರನ್ ಬಿಚ್ಚಿ ಮಡಚಿ, ಹೊರಟುಹೋದಳು.

ಗಂಡ ಆ ಎರಡು ಮುಖ ಮುಗಿಸಿ, ಬಾಗಿಲು ಎಳೆದು, ಮನೆಗೆ ಬಂದ. ಬೈಯಲಿಲ್ಲ. "ಹಿಟ್ಟು ಕಲಸು," ಎಂದ. ಈರುಳ್ಳಿ ಸೊಪ್ಪು, ಶುಂಠಿ ಹೆಚ್ಚಿ ಕೈಮಾಕ್ಕೆ ಬೆರೆಸಿದ. ಮೇಜಿನ ಆಚೆ ಬದಿ, ಪ್ರತಿ ಭಾನುವಾರ ಅವಳು ಕಡುಬು ಮಾಡುವಾಗ ಪತ್ರಿಕೆ ಹಿಡಿದು ಕೂರುವ ಕುರ್ಚಿಯಲ್ಲೇ ಕೂತ. ಅವಳು ಲಟ್ಟಿಸಿಕೊಟ್ಟ ಮೈದಾ ಹಾಳೆಯನ್ನು ಬಲಗೈ ಮೇಲಿಟ್ಟುಕೊಂಡು, ಎಡಗೈಯಲ್ಲಿ ತಡವರಿಸುತ್ತ ನೆರಿಗೆ ಹಿಡಿಯತೊಡಗಿದ.

"ಎಡಗೈ ಯಾಕ್ರೀ?"

"ನೀನು ಹೀಗೇ ಅಲ್ವಾ ಮಾಡೋದು? ಇಲ್ಲಿಂದ ನೋಡಿದ್ರೆ ಹೀಗೇ ಕಾಣುತ್ತೆ."

ಇಡೀ ಜೀವನ ಕನ್ನಡಿ ನೋಡಿಕೊಂಡೇ ಕೆಲಸ ಮಾಡಿದ ಮನುಷ್ಯ, ಎದುರಿಗೆ ಕಂಡದ್ದನ್ನು ಕಂಡ ಹಾಗೇ ಕಲಿತಿದ್ದ. ಆ ಪತ್ರಿಕೆಯ ಮರೆಯಿಂದ ಅವನು ನೋಡುತ್ತಿದ್ದದ್ದು ಅವಳ ಕೈಗಳನ್ನು.

"ಲಟ್ಟಿಸುವಾಗ ತುಟಿ ಕಚ್ಕೋತೀಯ. ಮಣಿಕಟ್ಟು ನೋಯ್ತಿದೆ ಅಂತ ಬಾಯ್ಬಿಟ್ಟು ಹೇಳಲ್ಲ. ಇನ್ಮೇಲೆ ನಾನೇ ಮಾಡೋಣ ಅಂತ..."

ಅವಳಿಗೆ ಸಂತೋಷ ಉಕ್ಕಿತು. ಮರುಗಳಿಗೆಯೇ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಆ ಹುಡುಗಿ?" ಎಂದ ಗಂಡ. ಅಷ್ಟೇ ಕೇಳಿದ.

ಪೊಲೀಸಮ್ಮ ಬಾಣಲೆ ಇಟ್ಟಳು. ಕಡುಬಿನ ತಳ ಕೆಂಪಗಾದ ಮೇಲೆ ನೀರು ಹಾಕಿ ಮುಚ್ಚಿದಳು. ನೀರು ಇಂಗಿ ಮತ್ತೆ ಚಟಪಟ ಸದ್ದು ಬಂದದ್ದೇ ಡಬ್ಬಿಗೆ ತುಂಬಿಕೊಂಡು, ಹವಾಯಿ ಚಪ್ಪಲಿಯಲ್ಲೇ ಎಡಚಿಯ ಮನೆಗೆ ಓಡಿದಳು.

ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ಅತ್ತು ಊದಿದ ಒಂದು ಕಣ್ಣು ಕಾಣಿಸಿತು.

"ತಪ್ಪಾಯ್ತು ತಾಯಿ. ಪೂರ್ತಿ ನಂದೇ ತಪ್ಪು. ಬಿಸಿ ಇದೆ, ತಿನ್ನು. ನಾಳೆ ಕೆಲಸಕ್ಕೆ ಬಾ."

ಕಣ್ಣು ಡಬ್ಬಿಯನ್ನು ನೋಡಿತು, ಅವಳನ್ನು ನೋಡಿತು.

"ಏನ್ ಹಾಕಿದೀರಿ ಇದ್ರಲ್ಲಿ?"

"ಅಯ್ಯೋ, ಏನ್ ಹಾಕ್ತಾರೆ!"

"ಮೊದ್ಲು ನೀವು ತಿನ್ನಿ."

ಪೊಲೀಸಮ್ಮ ಒಂದನ್ನು ಬಾಯಿಗೆ ಹಾಕಿಕೊಂಡಳು. ಒಳಗಿನ ರಸ ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂದರೂ ನುಂಗಿ, ಬಾಯಿ ತೆರೆದು ತೋರಿಸಿದಳು.

"ಇನ್ನೊಂದು," ಎಂದಳು ಎಡಚಿ. ಸರಪಳಿ ಹಾಗೇ ಇತ್ತು.