ಬ್ರೇಕಿಗೆ ಕುಂಕುಮ ಹಚ್ಚಿದರೆ ಸಾಲದು

ರಾವಂದೂರಿನ ಹತ್ತಿರದ ಒಂದು ಹಳ್ಳಿ. ಆಯುಧಪೂಜೆಯ ದಿನ. ತಿಮ್ಮಯ್ಯನ ಮನೆಯ ಮುಂದೆ ಹಳೆಯ ಕಾರು ಮೈ ತೊಳೆದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಬೂದುಗುಂಬಳ ಒಡೆದಾಗಿತ್ತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುವುದಷ್ಟೇ ಬಾಕಿ.

ಎಲ್ಲರೂ ಹತ್ತಿದರು. ಸೊಸೆ ವಾಣಿಶ್ರೀ ಮಾತ್ರ ಹತ್ತಲಿಲ್ಲ. ಕಾರಿನ ಕೀ ಹಿಡಿದುಕೊಂಡು ಬಾನೆಟ್ಟಿನ ಮುಂದೆ ನಿಂತುಬಿಟ್ಟಳು.

“ಕೀ ಕೊಡವ್ವ, ಒತ್ತು ಮೀರ್ತದೆ,” ಅಂದ ತಿಮ್ಮಯ್ಯ.

“ಕೊಡಾಕಿಲ್ಲ ಮಾವ. ಬ್ರೇಕ್ ಸರಿಯಿಲ್ಲ.”

ಸ್ಟೀರಿಂಗ್ ಹಿಂದೆ ಕೂತಿದ್ದ ಗಂಡ ಕುಮಾರ್ ನಕ್ಕ. “ಎಲ್ಡು ಸಲ ಪಂಪ್ ಮಾಡುದ್ರೆ ಇಡೀತದೆ ಕಣೆ. ಒಂದು ವಾರದಿಂದ ಅಂಗೇ ಓಡುಸ್ತಿಲ್ವಾ?”

“ಎಮ್ಮೆ ಅಡ್ಡ ಬಂದ್ರೆ ಒಂದು ಸಲ ತುಳಿಯಾಕೇ ಟೈಮ್ ಇರಾಕಿಲ್ಲ. ಎಲ್ಡು ಸಲ ಯಾವಾಗ ತುಳೀತೀರಿ?”

ವಾಣಿಶ್ರೀ ಬಾಯಿಗೆ ಬಂದದ್ದು ಆಡುವವಳಲ್ಲ. ಐಟಿಐ ಓದಿ, ಮದುವೆಗೆ ಮುಂಚೆ ಮೂರು ವರ್ಷ ಮೈಸೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡಿದವಳು. ಈ ಮನೆಗೆ ಬಂದ ಮೇಲೆ, ಹೆಂಗಸು ಸ್ಪ್ಯಾನರ್ ಹಿಡಿದರೆ ಊರವರು ಏನಂದಾರು ಎಂದು ಮಾವ ತಡೆದಿದ್ದ. ಊರವರು ಏನೂ ಅಂದಿರಲಿಲ್ಲ. ಅಂದದ್ದೆಲ್ಲ ತಿಮ್ಮಯ್ಯನೇ.

ವಾರದ ಹಿಂದೆಯೇ ಅವಳು ಹೇಳಿದ್ದಳು, ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದು. ನಾವು ಪೆಡಲ್ ತುಳಿದ ಒತ್ತಡವನ್ನು ಬ್ರೇಕ್ ಆಯಿಲ್ ಮೂಲಕ ನಾಲ್ಕೂ ಚಕ್ರಕ್ಕೆ ತಲುಪಿಸುವ ಭಾಗ ಅದು. ಒಳಗಿನ ರಬ್ಬರ್ ಸವೆದರೆ ಒತ್ತಡ ಒಳಗೇ ಸೋರಿಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅವಳೇ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಹೊಸದನ್ನೂ ಒಂದು ಬಾಟಲಿ ಬ್ರೇಕ್ ಆಯಿಲನ್ನೂ ತಂದಿದ್ದಳು.

ತಿಮ್ಮಯ್ಯ ಮಾಡಿದ್ದೇನು ಗೊತ್ತೇ? “ಒಸ ಸಾಮಾನು, ಮೊದ್ಲು ಪೂಜೆ ಆಗ್ಲಿ,” ಎಂದು ಹೊಸ ಸಿಲಿಂಡರಿನ ಡಬ್ಬಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮಚ್ಚು, ಕುಡುಗೋಲು, ಸ್ಪ್ಯಾನರುಗಳ ಜೊತೆ ದೇವರ ಮುಂದೆ ಸಾಲಾಗಿ ಇಟ್ಟಿದ್ದ. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಹೀಗೆ ಒಳ್ಳೆಯ ಬ್ರೇಕು ದೇವರ ಮನೆಯಲ್ಲಿ ಕೂತಿತ್ತು, ಕೆಟ್ಟ ಬ್ರೇಕು ಜನ ತುಂಬಿಕೊಂಡು ಹೊರಟಿತ್ತು.

“ನನ್ನ ಮಾತು ನಂಬಬ್ಯಾಡಿ ಮಾವ. ನಿಮ್ಮ ಕಾಲನ್ನೇ ನಂಬಿ,” ಎಂದು ವಾಣಿಶ್ರೀ ಚಕ್ರಗಳಿಗೆ ಕಲ್ಲು ಕೊಟ್ಟು, ಕುಮಾರನನ್ನು ಇಳಿಸಿ ತಿಮ್ಮಯ್ಯನನ್ನು ಡ್ರೈವರ್ ಸೀಟಿಗೆ ಕೂರಿಸಿದಳು. ಎಂಜಿನ್ ಚಾಲೂ ಮಾಡಿದಳು. “ಬ್ರೇಕ್ ತುಳಿದು ಅಂಗೇ ಇಡ್ಕಳಿ. ಮೂವತ್ತು ಎಣುಸ್ತೀನಿ.”

ಹತ್ತು ಎಣಿಸುವಷ್ಟರಲ್ಲಿ ಪೆಡಲ್ ಇಳಿಯತೊಡಗಿತು. ಇಪ್ಪತ್ತಕ್ಕೆ ನೆಲ ಮುಟ್ಟಿತು. ತಿಮ್ಮಯ್ಯನ ಮುಖ ಬಾಡಿತು, ಹಟ ಬಾಡಲಿಲ್ಲ.

“ಸರಿ, ನಾಳೆ ಮಾಡುವಂತೆ. ಪೂಜೆಗಿಟ್ಟಿದ್ದ ಇವತ್ತು ಮುಟ್ಟಂಗಿಲ್ಲ. ಮೆಲ್ಲುಗೆ ಒಂದು ಸುತ್ತು ಓಗಿ ಬರವಾ.”

“ಕಾರಿಗೂ ತಾನೆ ಪೂಜೆ ಮಾಡಿರೋದು? ಅದ್ನ ಮುಟ್ಬೌದು, ಸ್ಪ್ಯಾನರ್ ಮುಟ್ಟಂಗಿಲ್ವಾ? ಇದ್ಯಾವ ನ್ಯಾಯ ಮಾವ? ನನ್ನ ಮಗ್ಳು ಕೂತವ್ಳೆ ಅದ್ರಾಗೆ. ನನ್ನ ಮ್ಯಾಲೆ ಅತ್ತಿಸ್ಕಂಡು ಓಗಿ ಬೇಕಾದ್ರೆ, ಕೀ ಕೊಡಾಕಿಲ್ಲ!”

ಹಿಂದಿನ ಬಾಗಿಲು ತೆರೆಯಿತು. ಅತ್ತೆ ದೊಡ್ಡತಾಯಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಇಳಿದಳು. ನೆಟ್ಟಗೆ ದೇವರ ಮನೆಗೆ ಹೋದಳು. ಹೊರಗೆ ಬಂದಾಗ ಅವಳ ಸೆರಗಿನ ತುಂಬ ಸ್ಪ್ಯಾನರು, ಮೇಲೆ ಆ ಡಬ್ಬಿ.

“ದೇವ್ರು ಕ್ವಾಪ ಮಾಡ್ಕಂಡ್ರೆ ನನ್ನ ಮ್ಯಾಲೆ ಮಾಡ್ಕಳ್ಲಿ,” ಅಂದಳು. “ತಕ್ಕೊ ಮಗ. ಮಾಡು.”

ವಾಣಿಶ್ರೀಯ ಕಣ್ಣು ತುಂಬಿ ಬಂತು. ಸೆರಗು ಬಿಗಿದು, ಕೈಗೆ ಗ್ಲೌಸ್ ಹಾಕಿಕೊಂಡಳು. ಎಂಜಿನ್ ಆರಿಸಿ, ಹಳೆಯ ಬ್ರೇಕ್ ಆಯಿಲನ್ನು ಸಿರಿಂಜಿನಲ್ಲಿ ಹೀರಿ ತೆಗೆದಳು. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆಂದು ಸುತ್ತ ಬಟ್ಟೆ ಹಾಸಿದ್ದಳು. ಪೈಪುಗಳನ್ನು ಬಿಚ್ಚಿ, ಎರಡು ನಟ್ಟು ತೆಗೆದು ಹಳೆಯ ಸಿಲಿಂಡರ್ ಹೊರಗೆಳೆದಳು. ಹೊಸದನ್ನು ಹಾಗೆಯೇ ಕೂರಿಸಲಿಲ್ಲ. ಕುಮಾರನಿಗೆ ಗಟ್ಟಿಯಾಗಿ ಹಿಡಿಯಲು ಹೇಳಿ, ಆಯಿಲ್ ತುಂಬಿಸಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ಒತ್ತಿ ಒತ್ತಿ ಒಳಗಿನ ಗಾಳಿ ತೆಗೆದಳು.

“ಎಂಜಿನ್ ಆಯಿಲ್ ಉಳ್ದದೆ, ಅದ್ನೇ ಉಯ್ಲಾ?” ಅಂದ ಕುಮಾರ್.

“ಉಯ್ದ್ರೆ ರಬ್ಬರೆಲ್ಲ ಊದ್ಕಂಡು ಕೆಟ್ಟೋಯ್ತದೆ. ಆಯಿಲ್ ಡಬ್ಬಿ ಮುಚ್ಚಳದ ಮ್ಯಾಲೆ ಬರ್ದಿರೋ ನಂಬರಿನ ಬ್ರೇಕ್ ಆಯಿಲ್ಲೇ ಬೇಕು, ಸೀಲ್ ಒಡೀದಿರೋ ಬಾಟ್ಲಿದು.”

ಸಿಲಿಂಡರ್ ಕೂತಿತು. ಇನ್ನು ಚಕ್ರಗಳ ಕಡೆಯ ಗಾಳಿ ತೆಗೆಯಬೇಕು. ಅದಕ್ಕೆ ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ತಿಮ್ಮಯ್ಯ ತಾನಾಗಿಯೇ ಬಂದು ಸೀಟಿನಲ್ಲಿ ಕೂತ.

“ತುಳೀರಿ ಮಾವ. ಇಡ್ಕಳಿ. ನಾನು ಏಳೋಗಂಟ ಕಾಲೆತ್ತಬ್ಯಾಡಿ,” ಎಂದು ಚಕ್ರದ ಪಕ್ಕದಿಂದ ಸೊಸೆಯ ಅಪ್ಪಣೆ. ಊರಿನ ಪಂಚಾಯ್ತಿಯಲ್ಲಿ ಯಾರ ಮಾತೂ ಕೇಳದ ತಿಮ್ಮಯ್ಯ ಅರ್ಧ ಗಂಟೆ ಸೊಸೆ ಹೇಳಿದಂತೆಲ್ಲ ತುಳಿದ. ಕಾರಿನ ಪುಸ್ತಕದಲ್ಲಿದ್ದ ಕ್ರಮದಲ್ಲೇ ನಾಲ್ಕೂ ಚಕ್ರ ಮುಗಿಯಿತು. ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯದಂತೆ ಕುಮಾರ್ ತುಂಬುತ್ತಲೇ ಇದ್ದ.

ಮತ್ತೆ ಎಂಜಿನ್ ಚಾಲೂ. ಮತ್ತೆ ಮೂವತ್ತು. ಪೆಡಲ್ ಕದಲಲಿಲ್ಲ.

“ಬಂಡೆ ತುಳ್ದಂಗದೆ ಕಣವ್ವ,” ಅಂದ ತಿಮ್ಮಯ್ಯ.

ವಾಣಿಶ್ರೀ ಪೈಪಿನ ಸಂದುಗಳನ್ನೆಲ್ಲ ಒರೆಸಿ ಸೋರಿಕೆ ಇಲ್ಲವೆಂದು ನೋಡಿದಳು. ಕಣದಲ್ಲಿ ಒಬ್ಬಳೇ ನಿಧಾನವಾಗಿ ಓಡಿಸಿ, ಹತ್ತು ಸಲ ನಿಲ್ಲಿಸಿ ಪರೀಕ್ಷಿಸಿದಳು. ಆಮೇಲೆ ಡ್ರೈವರ್ ಸೀಟು ಬಿಟ್ಟು ಇಳಿಯಹೋದಳು. ತಿಮ್ಮಯ್ಯ ಬಾಗಿಲಿಗೆ ಅಡ್ಡ ನಿಂತ.

“ನೀನೇ ಓಡ್ಸು. ಊರವ್ರು ನೋಡ್ಲಿ.”

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯ ಗಾಡಿಯನ್ನೂ ಇವತ್ತೇ ಹೀಗೆ ಮೂವತ್ತು ಎಣಿಸಿ ನೋಡಿ. ಪೆಡಲ್ ಇಳಿದರೆ ಪಂಪ್ ಮಾಡಿ ಓಡಿಸಬೇಡಿ, ಕೆರೆ ಏರಿಯ ತನಕವೂ ಬೇಡ. ಕೆಲಸ ಕಲಿಯದವರು ಬ್ರೇಕಿಗೆ ಕೈ ಹಾಕಬೇಡಿ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಹೊಸ ಗಾಡಿಯಾದರೆ ಕಲಿತವರೂ ಗ್ಯಾರೇಜಿನವರಿಗೇ ಬಿಡಿ. ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನನ್ನು ಮನೆಗೆ ಕರೆಸಿ. ಶಾಸ್ತ್ರ ಕೆಡುತ್ತದೆ ಎನ್ನುವವರಿಗೆ, ಕೆಟ್ಟರೆ ಕೆಡಲಿ, ಮನೆಮಂದಿ ಉಳಿಯಲಿ ಎಂದು ಹೇಳಿ. ಕೆಲಸ ಬಲ್ಲವರ ಕೈಗೆ ಸ್ಪ್ಯಾನರ್ ಕೊಡಿ. ಆ ಕೈಯಲ್ಲಿ ಬಳೆ ಇದ್ದರೆ ಇರಲಿ.