ಅರ್ಧ ಕ್ರಾಪು

ಟೈಲರಮ್ಮನಿಗೆ ಗಂಡ ಇಟ್ಟ ಹೆಸರು ಪತ್ತೇದಾರಿ. ಎದುರುಮನೆಯ ಕಿಟಕಿಯ ಪರದೆ ಬದಲಾದರೂ ಸಾಕು, ಯಾಕೆ ಬದಲಾಯಿತು ಎಂದು ತಿಳಿಯುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು ಕೆಟ್ಟ ಚಾಳಿ ಎಂದು ಜನ ಹೇಳುತ್ತಾರೆ. ಹೇಳಲಿ. ಮಹಾಮಾರಿ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ವರ್ಷ ಆ ಮೂಗಿಗೂ ಒಂದು ಕೆಲಸ ಸಿಕ್ಕಿತು.

ಅವಳೂ ಒಂದು ಕಾಲಕ್ಕೆ ಸ್ತನದ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡು ಎದ್ದು ಬಂದವಳು. ಆಸ್ಪತ್ರೆಯೊಳಗೆ ರೋಗಿಯ ಜೊತೆ ಯಾರೂ ಬರುವಂತಿಲ್ಲ ಎಂದಾದಾಗ, ಕೀಮೋ ವಾರ್ಡಿನ ದೊಡ್ಡ ಸಿಸ್ಟರ್ ಅವಳಂಥ ಕೆಲವರನ್ನು ಹುಡುಕಿ ಒಬ್ಬೊಬ್ಬರಿಗೆ ಒಂದಷ್ಟು ರೋಗಿಗಳನ್ನು ವಹಿಸಿದರು. ದಿನಾ ಫೋನು ಮಾಡಬೇಕು, ಹೇಗಿದ್ದಾರೆ ಎಂದು ಕೇಳಬೇಕು, ತೊಡಕಿದ್ದರೆ ವಾರ್ಡಿಗೆ ತಿಳಿಸಬೇಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗಂಡ ನಕ್ಕ.

ಅವಳ ಪಾಲಿಗೆ ಬಂದವರಲ್ಲಿ ಕಟಿಂಗ್ ಅಂಗಡಿಯ ಅಣ್ಣ ಮಹಾ ಮಾತುಗಾರರು. ಕತ್ತಿನ ಗಂಟುಗಳಲ್ಲಿ ಕ್ಯಾನ್ಸರ್, ತಲೆ ಬೋಳು, ಅಂಗಡಿಗೆ ಬೀಗ. ಬಾಯಿಗೆ ಮಾತ್ರ ಬೀಗವಿಲ್ಲ. ಎಂಥ ದೊಡ್ಡ ಮನುಷ್ಯನೂ ತನ್ನ ಮುಂದೆ ತಲೆ ಬಗ್ಗಿಸಿ ಕೂರುತ್ತಿದ್ದ, ಈಗ ತಾನು ಸೂಜಿಯ ಮುಂದೆ ಕೈ ಚಾಚಿ ಕೂರುವಂತಾಯಿತು ಎನ್ನುತ್ತಿದ್ದರು.

ಅವತ್ತು ವಿಡಿಯೋ ಕರೆ ಎತ್ತಿದವನು ಅವರ ಮಗ. ಅಪ್ಪ ಆರಾಮಾಗಿದ್ದಾರೆ, ಮಲಗಿದ್ದಾರೆ, ಬರುವ ವಾರದ ಕೀಮೋಗೆ ತಪ್ಪದೆ ಬರುತ್ತಾರೆ ಎಂದ. ಮಾತೆಲ್ಲ ಸರಿಯಾಗೇ ಇತ್ತು. ಆದರೆ ಸುಡುವ ಮಧ್ಯಾಹ್ನ, ಮನೆಯೊಳಗೆ, ಅವನು ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಟೈಲರಮ್ಮನಿಗೆ ತಲೆಗೆ ಹುಳ ಬಿಟ್ಟಂತಾಯಿತು. ಟೋಪಿ ಯಾಕೆ ಎಂದು ಕೇಳಿದಳು. ಶೀತ ಎಂದ. ಆ ದಿನಗಳಲ್ಲಿ ಶೀತ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಕ್ಷಣ ನಾಲಿಗೆ ಕಚ್ಚಿಕೊಂಡು, ಶೀತವೇನೂ ಇಲ್ಲ, ಸುಮ್ಮನೆ ಹಾಕಿಕೊಂಡೆ ಎಂದ.

"ತೆಗಿಯಪ್ಪ, ನೋಡೋಣ."

ದಿನಾ ಫೋನು ಮಾಡುವ ಈ ಅತ್ತೆ ಹಿಡಿದ ಪಟ್ಟು ಬಿಡುವವಳಲ್ಲ ಎಂದು ಅವನಿಗೂ ಗೊತ್ತಿತ್ತು. ತೆಗೆದ. ಬಲಗಡೆ ನೀಟಾದ ಕ್ರಾಪು, ಎಡಗಡೆ ಕಿವಿ ಕಾಣದಷ್ಟು ಕಾಡು. ಒಂದೇ ತಲೆಯಲ್ಲಿ ಇಬ್ಬರು ಗಂಡಸರು ಬಾಡಿಗೆಗೆ ಇದ್ದಂತಿತ್ತು. ಟೈಲರಮ್ಮನಿಗೆ ನಗು ಉಕ್ಕಿತು, ಉಕ್ಕಿದಷ್ಟೇ ಬೇಗ ಅಡಗಿತು. ಅರ್ಧ ಹೊಲಿದ ಅಂಗಿಯನ್ನು ತಾನು ನಾಳೆಗೆ ಇಡಬಹುದು. ಅರ್ಧ ಕತ್ತರಿಸಿದ ತಲೆಯನ್ನು, ಅದೂ ಹೆತ್ತ ಮಗನ ತಲೆಯನ್ನು, ಯಾವ ಕಟಿಂಗ್ ಅಂಗಡಿಯವರು ನಾಳೆಗೆ ಇಡುತ್ತಾರೆ?

"ಅಪ್ಪ ಯಾಕೆ ಅರ್ಧಕ್ಕೇ ನಿಲ್ಲಿಸಿದ್ರು?"

"ಕೈ ನಡುಗೋಕೆ ಶುರುವಾಯ್ತು ಅತ್ತೆ."

ಎಳೆ ಸಿಕ್ಕಿತು, ಎಳೆಯುತ್ತ ಹೋದಳು. ನಡುಕ ಯಾವಾಗಿನಿಂದ? ನಿನ್ನೆ ಸಂಜೆಯಿಂದ. ಚಳಿಯಾ? ಕಂಬಳಿ ಹೊದಿಸಿದರೂ ಹೋಗಲಿಲ್ಲ. ಜ್ವರ? ಮಾತ್ರೆ ಕೊಟ್ಟರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಆಸ್ಪತ್ರೆಯ ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು, ಮೈ ಬಿಸಿ ಇದ್ದವರನ್ನೆಲ್ಲ ಸಾಂಕ್ರಾಮಿಕದ ವಾರ್ಡಿಗೆ ಕಳಿಸುತ್ತಿದ್ದರು. ಪಕ್ಕದ ಮನೆಯವರು ಹಾಗೆ ಹೋದವರು ವಾಪಸು ಬರಲಿಲ್ಲ. ಜ್ವರ ಇಳಿದ ಮೇಲೇ ಗೇಟು ದಾಟೋಣ ಎಂದು ಅಪ್ಪ ಮಗ ಸೇರಿ ಗುಟ್ಟು ಮಾಡಿದ್ದರು.

ಕೀಮೋ ಆದವರ ರಕ್ತದಲ್ಲಿ ಸೋಂಕನ್ನು ಎದುರಿಸುವ ಬಲ ಇರುವುದಿಲ್ಲ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆ ಸೇರಬೇಕು ಎಂದು ಸಿಸ್ಟರ್ ಗಿಣಿಗೆ ಹೇಳಿದ ಹಾಗೆ ಹೇಳಿದ್ದರು. ಟೈಲರಮ್ಮ ಬೈಯಲು ಬಾಯಿ ತೆರೆದಳು; ಆ ಅರ್ಧ ತಲೆಯನ್ನು ನೋಡಿ ಬೈಯಲಾಗಲಿಲ್ಲ. ಹೆದರಿದವರನ್ನು ಬೈದು ಏನು ಬಂತು? ಈಗಲೇ ಹೊರಡಿ ಎಂದಳು. ಗಂಡನ ಫೋನಿನಿಂದ ಸಿಸ್ಟರಿಗೆ ತಿಳಿಸಿದಳು. ಬೇರೆ ಕೋಣೆ ಸಿದ್ಧ ಮಾಡುತ್ತೇನೆ, ಕರೆತರಲಿ ಎಂದರು ಅವರು.

ಗೇಟಿನ ಕಾವಲುಗಾರ ಯಂತ್ರ ನೋಡಿದವನೇ ಸಾಂಕ್ರಾಮಿಕದ ವಾರ್ಡಿನತ್ತ ಕೈ ತೋರಿಸಿದ. ಅವನದೂ ತಪ್ಪಲ್ಲ, ಅವನಿಗಿದ್ದ ಅಪ್ಪಣೆ ಅದು. ಮಗ ಫೋನನ್ನು ಅವನ ಮುಖದ ಮುಂದೆ ಹಿಡಿದ. ಟೈಲರಮ್ಮ ದನಿ ಏರಿಸಲಿಲ್ಲ, ಬರೀ ಕೇಳಿದಳು. ಆ ವಾರ್ಡಿನಲ್ಲಿ ಕೀಮೋ ಆದವರಿಗೆ ಬೇರೆ ಜಾಗ ಇದೆಯಾ? ರಕ್ತ ಇವತ್ತೇ ಪರೀಕ್ಷೆ ಮಾಡುತ್ತಾರಾ? ಗೊತ್ತಿಲ್ಲದಿದ್ದರೆ ಯಾರಿಗೆ ಗೊತ್ತು? ಕೀಮೋ ವಾರ್ಡಿಗೆ ಒಂದು ಫೋನು ಮಾಡಿ ಕೇಳಿದರೆ ನಿಮ್ಮನ್ನು ಯಾರಾದರೂ ಬೈಯುತ್ತಾರಾ? ಕಾವಲುಗಾರ ಸುಸ್ತಾದ. ಈ ಹೆಂಗಸಿಗೆ ಉತ್ತರ ಕೊಡುವುದಕ್ಕಿಂತ ಫೋನು ಮಾಡುವುದೇ ವಾಸಿ ಎನಿಸಿ ಮಾಡಿದ. ಸಿಸ್ಟರ್ ತಾವೇ ಗಾಲಿಕುರ್ಚಿ ತಳ್ಳಿಕೊಂಡು ಗೇಟಿಗೆ ಬಂದರು.

ರಕ್ತದಲ್ಲಿ ಬಿಳಿಕಣಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗಿದ್ದವು. ಮಹಾಮಾರಿಯ ಸೋಂಕು ಇರಲಿಲ್ಲ. ನಾಳೆ ಬಂದಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದ್ದನ್ನು ಕೇಳಿ ಟೈಲರಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಅಣ್ಣ ಬದುಕಿದರು.

ಎದ್ದು ಕೂರುವಂತಾದ ಮೇಲೆ ಆಸ್ಪತ್ರೆಯ ಮಂಚದಿಂದ ಅವರೇ ಫೋನು ಮಾಡಿದರು. ದನಿ ಇಳಿದಿತ್ತು, ಚೇಷ್ಟೆ ಇಳಿದಿರಲಿಲ್ಲ. ಇಷ್ಟು ದಿನ ನೀನು ಕೇಳಿದೆ, ಇವತ್ತು ನನ್ನ ಸರದಿ ಎಂದರು. ಊಟ ಆಯಿತಾ, ಯಾರ ಬಟ್ಟೆ ಹೊಲಿಯುತ್ತಿದ್ದೀಯ, ಮನೆಯಲ್ಲೇ ಕೂತ ಗಂಡನನ್ನು ಹೇಗೆ ಸಹಿಸಿಕೊಂಡಿದ್ದೀಯ ಎಂದೆಲ್ಲ ವಿಚಾರಿಸಿದರು. ಅವಳೂ ನಗುನಗುತ್ತ ಹೇಳಿದಳು.

"ನಿನ್ನ ಚೆಕಪ್ ಯಾವಾಗ ಆಯ್ತು ತಂಗಿ?"

"ನಂಗೇನಾಗಿದೆ ಅಣ್ಣ, ಚೆನ್ನಾಗೇ ಇದೀನಿ."

ಆಡಿದ ಮಾತು ಅವಳ ಕಿವಿಗೇ ಬಿತ್ತು. ರೋಗಿಗಳೆಲ್ಲ ದಿನವೂ ಹೇಳುತ್ತಿದ್ದ, ಅವಳು ಒಂದು ದಿನವೂ ನಂಬದ ಉತ್ತರ ಅದು.

"ಹೋಗಿಲ್ಲ ಅಣ್ಣ," ಎಂದಳು ಕೊನೆಗೆ. "ಕಂಕುಳಲ್ಲಿ ಏನೋ ಕೈಗೆ ಸಿಕ್ತು. ಭಯ ಆಗಿ ಮತ್ತೆ ಮುಟ್ಟಿ ನೋಡೇ ಇಲ್ಲ."

ಅಣ್ಣ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಯಾವ ಕಡೆ ಎಂದು ಕೇಳಿದರು. ಎಡಗಡೆ ಎಂದಳು. ಗಟ್ಟಿಯಾಗಿದೆಯಾ ಎಂದು ಕೇಳಿದರು. ಊರವರ ಪರದೆಗಳನ್ನೆಲ್ಲ ಬಲ್ಲವಳಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಫೋನನ್ನು ಎಡಗೈಗೆ ಬದಲಿಸಿ, ಕಣ್ಣು ಮುಚ್ಚಿ, ಬಲಗೈಯನ್ನು ಕಂಕುಳಿಗೆ ಒಯ್ದಳು.

"ಗಟ್ಟಿ ಇದೆ ಅಣ್ಣ."

ಆ ಕಡೆ ಮಂಚ ಕಿರುಗುಟ್ಟಿತು. ಅಣ್ಣ ಫೋನನ್ನು ಬಾಯಿಂದ ಸರಿಸಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಸಿಸ್ಟರನ್ನು ಕೂಗುವುದು ಅವಳಿಗೆ ಕೇಳಿಸಿತು.