ಬಿದ್ದ ಕುದುರೆ

ಬಲ್ಮಠದ ಸಭಾಂಗಣದಲ್ಲಿ ಉಳಿದ ಚೆಸ್ ಬೋರ್ಡುಗಳೆಲ್ಲ ಖಾಲಿಯಾಗಿದ್ದವು. ಪ್ರಾಪ್ತಿ ಮತ್ತು ತನುಶ್ರೀಯ ಆಟವೊಂದೇ ಬಾಕಿ. ಗೆದ್ದವಳಿಗೆ ರಾಜ್ಯಮಟ್ಟ. ಹತ್ತೊಂಬತ್ತರೊಳಗಿನವರ ಪಂದ್ಯದಲ್ಲಿ ತನುಶ್ರೀಗಾದರೋ ಇನ್ನೂ ಎರಡು ವರ್ಷ ಇತ್ತು. ಪ್ರಾಪ್ತಿಗೆ ಇದೇ ಕೊನೆಯ ವರ್ಷ.

ಆಟ ಅವಳ ಕೈಯಲ್ಲೇ ಇತ್ತು. ಸಮಯ ಇರಲಿಲ್ಲ. ಆನೆಯನ್ನು ಕೊಡಲೋ ಬೇಡವೋ ಎಂದು ನಡುವೆ ಒಂದೇ ನಡೆಗೆ ಕಾಲು ಗಂಟೆ ಸುರಿದಿದ್ದಳು. ಕೊಟ್ಟದ್ದು ಸರಿಯೇ ಆಯಿತು; ಈಗ ಅವಳ ಕಾಲಾಳು ರಾಣಿಯಾಗಲು ಎರಡೇ ಮನೆ ದೂರ. ಆದರೆ ಅವಳ ಗಡಿಯಾರದಲ್ಲಿ ಉಳಿದದ್ದು ಒಂಬತ್ತು ಸೆಕೆಂಡು.

ತನುಶ್ರೀಯೂ ಗಾಬರಿಯಲ್ಲಿದ್ದಳು. ರಾಜನನ್ನು ಸರಿಸಿ ಗಡಿಯಾರ ಒತ್ತುವ ಭರದಲ್ಲಿ ಚೂಡಿದಾರದ ತೋಳು ತಾಗಿ ಅವಳದೇ ಕುದುರೆ ಉರುಳಿತು. ಮೇಜಿನಿಂದ ಜಾರಿ ಪ್ರಾಪ್ತಿಯ ಕಾಲ ಬಳಿ ಬಿತ್ತು. ಅಷ್ಟರಲ್ಲಿ ಪ್ರಾಪ್ತಿಯ ಗಡಿಯಾರ ಓಡತೊಡಗಿತ್ತು.

ಬೀಳಿಸಿದವರೇ ಎತ್ತಿಡಬೇಕು, ಅದೂ ತಮ್ಮ ಸಮಯದಲ್ಲಿ. ಎದುರಿನವರು ಗಡಿಯಾರ ನಿಲ್ಲಿಸಿ ತೀರ್ಪುಗಾರರಾದ ಆರ್ಬಿಟರನ್ನು ಕರೆಯಬಹುದು. ಪ್ರಾಪ್ತಿಗೆ ಈ ನಿಯಮ ಬಾಯಿಪಾಠ. ಆದರೆ ಅದು ನೆನಪಾಗುವ ಮೊದಲೇ ಅವಳು ಬಗ್ಗಿಯಾಗಿತ್ತು. ಪಂಪ್‌ವೆಲ್‌ನ ಫ್ಯಾನ್ಸಿ ಅಂಗಡಿಯಲ್ಲಿ ಗಿರಾಕಿಗಳು ತಟ್ಟಿ ಬೀಳಿಸುವ ಕ್ಲಿಪ್ಪು, ಬಳೆ, ಕುಂಕುಮದ ಡಬ್ಬಿಗಳನ್ನು ದಿನವಿಡೀ ಎತ್ತಿಡುವ ಕೆಲಸ ಅವಳದು. ಏನಾದರೂ ಬಿದ್ದ ಸದ್ದಾದರೆ ಸಾಕು, ಬೆನ್ನು ತಾನಾಗಿಯೇ ಬಗ್ಗುತ್ತಿತ್ತು.

ಕುದುರೆಯ ಧೂಳು ಒರೆಸಿ ಅದರ ಮನೆಯಲ್ಲೇ ನಿಲ್ಲಿಸಿದಳು. ಕಾಲಾಳಿಗೆ ಕೈ ಹಾಕುವಷ್ಟರಲ್ಲಿ ಗಡಿಯಾರದಲ್ಲಿ ಸೊನ್ನೆ ಬಂದಿತ್ತು.

"ಟೈಮ್," ಎಂದಳು ತನುಶ್ರೀ, ಕೇಳಿಯೂ ಕೇಳದಷ್ಟು ಮೆಲ್ಲಗೆ. ಮತ್ತೆ, "ಸಾರಿ ಮಾರಾಯ್ತಿ. ನೀನು ಬಗ್ತಿ ಅಂತ ನಂಗೆ ಗೊತ್ತಿರ್ಲಿಲ್ಲ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೋಚ್ ಲಯನೆಲ್ ಸರ್ ತಲೆ ಮೇಲೆ ಕೈ ಹೊತ್ತಿದ್ದರು.

"ಎಂತ ಮಾರಾಯ್ತಿ! ಅವಳ ಕುದುರೆ ನೋಡ್ಕೊಳ್ಳಿಕ್ಕೆ ನೀನೆಂತ ಲಾಯದಲ್ಲಿ ಕೆಲ್ಸಕ್ಕುಂಟಾ? ಆರ್ಬಿಟರನ್ನು ಕರೀಬಾರ್ದಿತ್ತಾ?"

"ಬಿತ್ತಲ್ಲ ಸರ್," ಎಂದಳು ಪ್ರಾಪ್ತಿ.

ಅವರು ತಲೆಯಿಂದ ಕೈ ಇಳಿಸಿದರು. "ಚಾ ಕುಡಿತೀಯಾ?" ಎಂದರು.

"ಬೇಡ ಸರ್."

ಮನೆಗೆ ಹೋಗಲು ಉರ್ವದ ಬಸ್ಸು ಹತ್ತಿದ್ದಷ್ಟೇ, ಅಮ್ಮನ ಫೋನು ಬಂತು.

"ಎಂತ ಆಯ್ತು ಮಗಾ?"

"ಸೋತೆ. ಟೈಮ್ ಸಾಕಾಗ್ಲಿಲ್ಲ."

"ನಾನು ಬೆಳಿಗ್ಗೆಯೇ ಬಡ್ಕೊಂಡೆ, ಆ ಬಸ್ಸು ತಪ್ಪಿದ್ರೆ ಲೇಟಾಗ್ತದೆ ಅಂತ. ನೀನು ಜಡೆ ಹಾಕ್ತಾ ಕೂತಿ." ಅಮ್ಮನ ಸ್ವರ ಮೆತ್ತಗಾಯಿತು. "ಹೋಗ್ಲಿ ಬಿಡು. ಬರುವ ವರ್ಷ ಬೇಗ ಹೊರಡುವ."

ಪ್ರಾಪ್ತಿ ಕಿಟಕಿಯತ್ತ ಮುಖ ತಿರುಗಿಸಿದಳು.

"ಆಯ್ತಮ್ಮ," ಎಂದಳು.